ಕಲ್ಲುನೆಲದಲ್ಲಿ ದುಡಿಯುವ ಎತ್ತು, ಕುದುರೆಗಳಿಗೆ ಲಾಳ: ಕಟ್ಟಿಸಬೇಕೇ, ಬೇಡವೇ?

ಒಂದೇ ಜೋಡಿ ಎತ್ತುಗಳನ್ನು ನಂಬಿ ಬೇಸಾಯ ನಡೆಸುವ ಕುಟುಂಬದಲ್ಲಿ ಬಿತ್ತನೆಯ ಹದ ಬಂದ ವಾರವೇ ಒಂದು ಎತ್ತು ಕುಂಟಿದರೆ ಆಗುವ ನಷ್ಟ ಔಷಧದ ಖರ್ಚಿಗೆ ಮುಗಿಯುವುದಿಲ್ಲ. ಬಾಡಿಗೆ ಜೋಡಿಯೋ ಟ್ರ್ಯಾಕ್ಟರೋ ಸಿಗುವ ಹೊತ್ತಿಗೆ ಮಣ್ಣಿನ ತೇವ ಆರಿ, ಬಿತ್ತನೆ ತಡವಾಗಿ, ಇಳುವರಿ ಕುಸಿಯುತ್ತದೆ. ಇಂತಹ ಕುಂಟುವಿಕೆಗೆ ಗೊರಸಿನ ಅತಿಯಾದ ಸವೆತ, ಕಲ್ಲಿನ ಪೆಟ್ಟು ಮತ್ತು ತಪ್ಪಾಗಿ ಹೊಡೆದ ಲಾಳದ ಮೊಳೆ ಪ್ರಮುಖ ಕಾರಣಗಳು. ಸಕಾಲದಲ್ಲಿ ಗಮನಿಸಿದರೆ ಈ ಮೂರನ್ನೂ ಬಹುಮಟ್ಟಿಗೆ ತಡೆಯಬಹುದು.

ಚಿತ್ರದುರ್ಗ, ತುಮಕೂರು, ಕೋಲಾರ, ರಾಯಚೂರು ಮುಂತಾದ ಜಿಲ್ಲೆಗಳ ಗರಸು ಮಿಶ್ರಿತ ಕೆಂಪು ಭೂಮಿಯಲ್ಲಿ ಎತ್ತುಗಳಿಗೆ ಲಾಳ ಕಟ್ಟಿಸುವ ಬಗ್ಗೆ ಎರಡು ಬಗೆಯ ಅಭಿಪ್ರಾಯಗಳಿವೆ. ದುಡಿಯುವ ಎತ್ತಿಗೆ ಲಾಳ ಇರಲೇಬೇಕು ಎಂಬುದು ಒಂದು. ನಾಟಿ ಎತ್ತಿನ ಗೊರಸೇ ಕಬ್ಬಿಣದಷ್ಟು ಗಟ್ಟಿ, ಲಾಳದ ಅಗತ್ಯವಿಲ್ಲ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ, ಆದರೆ ಯಾವುದೂ ಎಲ್ಲ ಎತ್ತುಗಳಿಗೂ ಎಲ್ಲ ನೆಲಗಳಿಗೂ ಅನ್ವಯಿಸುವುದಿಲ್ಲ. ನಿಮ್ಮ ಎತ್ತಿನ ಗೊರಸು ತಿಂಗಳಿಗೆ ಎಷ್ಟು ಬೆಳೆಯುತ್ತದೆ, ಎಷ್ಟು ಸವೆಯುತ್ತದೆ ಎಂಬ ಲೆಕ್ಕವೇ ಈ ಪ್ರಶ್ನೆಗೆ ಉತ್ತರ ಕೊಡಬೇಕು. ಆ ಲೆಕ್ಕವನ್ನು ನೀವೇ ಮನೆಯಲ್ಲಿ ಮಾಡಿಕೊಳ್ಳುವ ವಿಧಾನವನ್ನೂ, ಅದರಂತೆ ಅನುಸರಿಸಬೇಕಾದ ಕ್ರಮಗಳನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಗೊರಸಿನ ರಚನೆ

ಎತ್ತಿನ ಪ್ರತಿ ಪಾದದಲ್ಲಿ ಎರಡು ಗೊರಸುಗಳಿವೆ. ನಡೆಯುವಾಗ ಇವು ನೆಲದ ಏರುತಗ್ಗಿಗೆ ತಕ್ಕಂತೆ ಬೇರೆ ಬೇರೆಯಾಗಿ ಅಲುಗುತ್ತವೆ. ಆದ್ದರಿಂದಲೇ ಎತ್ತಿಗೆ ಪಾದಕ್ಕೊಂದರಂತೆ ಅಲ್ಲದೆ ಗೊರಸಿಗೊಂದರಂತೆ ಲಾಳ ಬೇಕಾಗುತ್ತದೆ. ನಾಲ್ಕೂ ಪಾದಗಳಿಗೆ ಪೂರ್ತಿಯಾಗಿ ಕಟ್ಟಿಸಿದರೆ ಒಟ್ಟು ಎಂಟು ಲಾಳಗಳಾಗುತ್ತವೆ. ಕುದುರೆಗೆ ಪಾದಕ್ಕೆ ಒಂದೇ ಗೊರಸು, ಆದ್ದರಿಂದ ನಾಲ್ಕು ಲಾಳ ಸಾಕು.

ಗೊರಸಿನ ಹೊರಗೋಡೆ ಕೊಂಬಿನಂತಹ ಗಟ್ಟಿ ವಸ್ತುವಿನಿಂದಾಗಿದೆ. ಅದರಲ್ಲಿ ನರವಾಗಲಿ ರಕ್ತನಾಳವಾಗಲಿ ಇಲ್ಲ. ಅದರ ಒಳಗಿರುವುದು ರಕ್ತ ಮತ್ತು ನರಗಳಿಂದ ತುಂಬಿದ ಜೀವಂತ ಪದರ. ಪಾದವನ್ನು ಎತ್ತಿ, ತೊಳೆದು ನೋಡಿದರೆ ಹೊರಗೋಡೆಯೂ ಅಂಗಾಲೂ ಕೂಡುವಲ್ಲಿ ತಿಳಿಬಣ್ಣದ ಸಣ್ಣ ಗೆರೆ ಕಾಣುತ್ತದೆ. ಇದನ್ನು ಬಿಳಿ ಗೆರೆ ಎನ್ನುತ್ತಾರೆ. ಮೊಳೆ ಹೊಡೆಯುವವರಿಗೆ ಇದೇ ಗಡಿ. ಗೆರೆಯ ಹೊರಗೆ ಹೋದ ಮೊಳೆ ನೋವುಂಟುಮಾಡುವುದಿಲ್ಲ. ಒಳಗೆ ಹೋದ ಮೊಳೆ ಎತ್ತನ್ನು ಕುಂಟಿಸುತ್ತದೆ. ಎತ್ತಿನ ಗೊರಸಿನ ಗೋಡೆ ಕುದುರೆಯದಕ್ಕಿಂತ ತೆಳುವಾಗಿರುವುದರಿಂದ ಇಲ್ಲಿ ಹೆಚ್ಚಿನ ಎಚ್ಚರ ಅಗತ್ಯ.

ಗೊರಸು ಕೂದಲಿನ ಅಂಚಿನಿಂದ ಕೆಳಮುಖವಾಗಿ ಸದಾ ಬೆಳೆಯುತ್ತಿರುತ್ತದೆ. ದನಗಳಲ್ಲಿ ಈ ಬೆಳವಣಿಗೆ ತಿಂಗಳಿಗೆ ಸುಮಾರು 5 ಮಿ.ಮೀ., ಕುದುರೆಯಲ್ಲಿ ಸುಮಾರು 6ರಿಂದ 10 ಮಿ.ಮೀ. ಇರುತ್ತದೆ. ವಯಸ್ಸು, ಆಹಾರ, ಹವಾಮಾನ ಮತ್ತು ಕೆಲಸಕ್ಕೆ ತಕ್ಕಂತೆ ಇದು ಹೆಚ್ಚು ಕಡಿಮೆಯಾಗುತ್ತದೆ.

ಬೆಳವಣಿಗೆ ಮತ್ತು ಸವೆತದ ಲೆಕ್ಕ

ಬೆಳೆದಷ್ಟೇ ಸವೆದರೆ ಗೊರಸು ಸರಿಯಾದ ಅಳತೆಯಲ್ಲಿ ಉಳಿಯುತ್ತದೆ. ಬೆಳೆದದ್ದಕ್ಕಿಂತ ಕಡಿಮೆ ಸವೆದರೆ ಗೊರಸು ಉದ್ದವಾಗಿ, ಮುಂದಕ್ಕೆ ಚಾಚಿ, ಬಿರುಕು ಬಿಡುತ್ತದೆ. ಹೆಚ್ಚು ಸವೆದರೆ ಅಂಗಾಲು ತೆಳುವಾಗಿ, ಪ್ರತಿ ಕಲ್ಲೂ ಒಳಗಿನ ಜೀವಂತ ಪದರಕ್ಕೆ ಚುಚ್ಚತೊಡಗುತ್ತದೆ. ಲಾಳ ಬೇಕಾಗುವುದು ಈ ಮೂರನೆಯ ಸ್ಥಿತಿಯಲ್ಲಿ, ಅಥವಾ ಆ ಸ್ಥಿತಿ ಬರುವುದು ಖಚಿತವೆನಿಸಿದಾಗ ಮಾತ್ರ.

ನಿಮ್ಮ ಎತ್ತು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ತಿಳಿಯಲು ಹೀಗೆ ಮಾಡಿ:

1. ಪ್ರತಿ ಪಾದದ ಒಂದು ಗೊರಸನ್ನು ತೊಳೆದು ಒರೆಸಿ. ಕೂದಲಿನ ಅಂಚಿನಿಂದ ಗೊರಸಿನ ತುದಿಯವರೆಗಿನ ಉದ್ದವನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡಿ.

2. ಕೂದಲಿನ ಅಂಚಿನಿಂದ 1 ಸೆಂ.ಮೀ. ಕೆಳಗೆ ಹೊರಗೋಡೆಯ ಮೇಲೆ ಅರದಿಂದ ತೆಳುವಾದ ಗುರುತು ಮಾಡಿ. ಗುರುತು ಗೀರಿನಷ್ಟಿದ್ದರೆ ಸಾಕು, ಆಳವಾಗಬಾರದು.

3. ಒಂದು ತಿಂಗಳ ನಂತರ ಎರಡು ಅಳತೆ ತೆಗೆಯಿರಿ. ಗುರುತು ಕೂದಲಿನ ಅಂಚಿನಿಂದ ಎಷ್ಟು ಕೆಳಗಿಳಿದಿದೆಯೋ ಅದು ಬೆಳವಣಿಗೆ. ಗುರುತಿನಿಂದ ತುದಿಯವರೆಗಿನ ಅಂತರ ಎಷ್ಟು ಕಡಿಮೆಯಾಗಿದೆಯೋ ಅದು ಸವೆತ.

ಉದಾಹರಣೆಗೆ, ತಿಂಗಳಲ್ಲಿ ಗುರುತು 5 ಮಿ.ಮೀ. ಕೆಳಗಿಳಿದಿದ್ದು, ಗುರುತಿನಿಂದ ತುದಿಯವರೆಗಿನ ಅಂತರ 8 ಮಿ.ಮೀ. ಕಡಿಮೆಯಾಗಿದ್ದರೆ ಆ ಗೊರಸು ತಿಂಗಳಿಗೆ 3 ಮಿ.ಮೀ. ನಷ್ಟದಲ್ಲಿದೆ ಎಂದರ್ಥ. ಒಂದು ತಿಂಗಳ ಮಟ್ಟಿಗೆ ಇದರಿಂದ ತೊಂದರೆಯಾಗದಿರಬಹುದು. ಮೂರು ತಿಂಗಳು ಅದೇ ಕೆಲಸ ಮುಂದುವರಿದರೆ 9 ಮಿ.ಮೀ. ಕಳೆದು, ಎತ್ತು ಕಲ್ಲಿನ ಮೇಲೆ ಹೆಜ್ಜೆ ಇಡಲು ಹಿಂಜರಿಯುತ್ತದೆ.

ಇದರ ಜೊತೆಗೆ ಅಂಗಾಲನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ. ಆರೋಗ್ಯಕರ ಅಂಗಾಲು ಬಗ್ಗುವುದಿಲ್ಲ. ಬೆರಳಿಗೆ ಬಗ್ಗಿದರೆ ಅಥವಾ ಎತ್ತು ಪಾದ ಎಳೆದುಕೊಂಡರೆ ಅಂಗಾಲು ಅಪಾಯಕರ ಮಟ್ಟಕ್ಕೆ ತೆಳುವಾಗಿದೆ ಎಂದು ತಿಳಿಯಬೇಕು. ಅಂತಹ ಎತ್ತನ್ನು ಕೂಡಲೇ ಕೆಲಸದಿಂದ ಬಿಡಿಸಿ.

ಲಾಳದಿಂದ ಆಗುವುದು, ಆಗದಿರುವುದು

ಲಾಳದ ಮುಖ್ಯ ಪ್ರಯೋಜನ ಸವೆತವನ್ನು ತಡೆಯುವುದು. ಗೊರಸಿನ ಬದಲು ಕಬ್ಬಿಣ ಸವೆಯುತ್ತದೆ. ಭಾರ ಹೊತ್ತು ಡಾಂಬರು ಅಥವಾ ಜಲ್ಲಿ ರಸ್ತೆಯಲ್ಲಿ ದಿನವೂ ನಡೆಯುವ ಎತ್ತಿಗೆ ಇದು ನಿಜವಾದ ರಕ್ಷಣೆ.

ಆದರೆ ಲಾಳದ ಮಿತಿಗಳನ್ನೂ ತಿಳಿದಿರಬೇಕು.

• ಲಾಳ ತನ್ನ ಪಟ್ಟಿಯ ಅಗಲದಷ್ಟು ಭಾಗವನ್ನು ಮಾತ್ರ ಮುಚ್ಚುತ್ತದೆ. ಅದರಾಚೆಗಿನ ಅಂಗಾಲಿಗೆ, ಹಿಮ್ಮಡಿಗೆ ಮತ್ತು ಎರಡು ಗೊರಸುಗಳ ನಡುವಿನ ಚರ್ಮಕ್ಕೆ ಚೂಪುಗಲ್ಲಿನ ಪೆಟ್ಟು ತಪ್ಪುವುದಿಲ್ಲ.

• ನುಣುಪಾದ ಹಾಸುಬಂಡೆ, ಕಾಂಕ್ರೀಟ್ ಮತ್ತು ಒದ್ದೆ ಡಾಂಬರಿನ ಮೇಲೆ ಕಬ್ಬಿಣ ಜಾರುತ್ತದೆ. ಬರಿಗೊರಸು ಇಂತಹ ಕಡೆ ಉತ್ತಮ ಹಿಡಿತ ಕೊಡುತ್ತದೆ. ಇಳಿಜಾರಿನಲ್ಲಿ ಭಾರದ ಗಾಡಿಯೊಡನೆ ಜಾರಿದ ಎತ್ತಿನ ಮೂಳೆ ಮುರಿಯುವ ಸಂಭವವಿದೆ.

• ಲಾಳದ ಕೆಳಗಿನ ಗೊರಸು ಸವೆಯುವುದಿಲ್ಲ, ಆದರೆ ಬೆಳವಣಿಗೆ ನಿಲ್ಲುವುದಿಲ್ಲ. ಸಕಾಲದಲ್ಲಿ ಬಿಚ್ಚಿ ಒಪ್ಪಮಾಡದಿದ್ದರೆ ಗೊರಸು ಲಾಳವನ್ನು ಮೀರಿ ಬೆಳೆದು, ಪಾದದ ಕೋನ ಕೆಟ್ಟು, ಕೀಲುಗಳ ಮೇಲೆ ಒತ್ತಡ ಬೀಳುತ್ತದೆ.

• ಪ್ರತಿ ಮೊಳೆಯೂ ಗೋಡೆಯಲ್ಲಿ ಒಂದು ರಂಧ್ರವನ್ನು ಉಳಿಸುತ್ತದೆ. ಮೇಲಿಂದ ಮೇಲೆ ಕಟ್ಟಿಸುವುದರಿಂದ ಗೋಡೆ ಒಡೆದು, ಮುಂದೆ ಮೊಳೆ ನಿಲ್ಲಲು ಜಾಗವೇ ಇಲ್ಲದಂತಾಗಬಹುದು.

ಯಾವ ನೆಲಕ್ಕೆ, ಯಾವ ಕೆಲಸಕ್ಕೆ ಯಾವ ಕ್ರಮ?

ಎರೆಭೂಮಿ ಮತ್ತು ಭತ್ತದ ಗದ್ದೆ: ಲಾಳದ ಅಗತ್ಯವಿಲ್ಲ. ಕೆಸರಿನಲ್ಲಿ ಗೊರಸು ನೆನೆದು ಮೃದುವಾಗುವುದರಿಂದ ಮೊಳೆ ಗಟ್ಟಿಯಾಗಿ ನಿಲ್ಲುವುದೂ ಇಲ್ಲ. ಇಲ್ಲಿ ಬೆಳೆದ ಗೊರಸನ್ನು ಕಾಲಕಾಲಕ್ಕೆ ಕತ್ತರಿಸಿ ಒಪ್ಪಮಾಡಿಸುವುದೇ ಮುಖ್ಯ.

ಗರಸು, ಕಲ್ಲು ಮಿಶ್ರಿತ ಕೆಂಪು ಭೂಮಿಯಲ್ಲಿ ಉಳುಮೆ, ಕುಂಟೆ, ಬಿತ್ತನೆ ಮಾತ್ರ: ಈ ಕೆಲಸಗಳು ವರ್ಷದಲ್ಲಿ ಕೆಲವೇ ವಾರ ಇರುತ್ತವೆ, ನಡುವೆ ಬಿಡುವೂ ಇರುತ್ತದೆ. ಹೊಲದ ನೆಲಕ್ಕೆ ಒಗ್ಗಿಕೊಂಡ, ಗೊರಸು ಗಟ್ಟಿಯಾಗಿರುವ ಎತ್ತು ಸಾಮಾನ್ಯವಾಗಿ ಬರಿಗೊರಸಿನಲ್ಲಿಯೇ ದುಡಿಯಬಲ್ಲದು. ಅಳತೆ ನಷ್ಟ ತೋರಿಸಿದರೆ ಮಾತ್ರ ಲಾಳ ಕಟ್ಟಿಸಿ.

ಡಾಂಬರು ಅಥವಾ ಜಲ್ಲಿ ರಸ್ತೆಯಲ್ಲಿ ದಿನವೂ ಭಾರದ ಗಾಡಿ: ಕಬ್ಬು, ಮರಳು, ಕಲ್ಲು, ಇಟ್ಟಿಗೆ ಸಾಗಿಸುವ ಎತ್ತುಗಳಿಗೆ ಲಾಳ ಅಗತ್ಯ. ಕಬ್ಬು ಸಾಗಣೆ ಆರಂಭವಾಗುವ ಮೊದಲೇ ಕಟ್ಟಿಸಬೇಕು. ಅಂಗಾಲು ತೆಳುವಾದ ನಂತರ ಕಟ್ಟಿಸಿದರೆ ಮೊಳೆಗೆ ಸುರಕ್ಷಿತ ಜಾಗ ಸಿಗುವುದಿಲ್ಲ.

ಹಾಸುಬಂಡೆಯ ಇಳಿಜಾರು ದಾರಿ: ಹೊಲಕ್ಕೆ ಹೋಗುವ ದಾರಿಯಲ್ಲಿ ಇಂತಹ ಬಂಡೆಯಿದ್ದರೆ ಲಾಳ ಕಟ್ಟಿದ ಎತ್ತುಗಳನ್ನು ನಿಧಾನವಾಗಿ, ಭಾರ ಕಡಿಮೆ ಮಾಡಿ ನಡೆಸಿ. ಬಂಡೆಯ ಮೇಲೆ ಮಣ್ಣು ಅಥವಾ ಹುಲ್ಲು ಹರಡುವುದು ಉಪಯುಕ್ತ.

ಮೈಸೂರು ಅರಸರ ಸೈನ್ಯದ ಸರಂಜಾಮು ಸಾಗಿಸಿದ ಅಮೃತಮಹಲ್, ದಕ್ಷಿಣದ ಹಳ್ಳಿಕಾರ್, ಉತ್ತರದ ಖಿಲಾರಿ ತಳಿಗಳ ಗೊರಸು ಚಿಕ್ಕದು ಮತ್ತು ಗಟ್ಟಿ ಎಂಬುದು ನಿಜ. ಕಲ್ಲುಹೊಲದಲ್ಲಿ ಈ ಗುಣ ಎತ್ತನ್ನು ಕಾಯುತ್ತದೆ. ಆದರೆ ಭಾರದ ಗಾಡಿಯೊಡನೆ ದಿನವಿಡೀ ಡಾಂಬರಿನ ಮೇಲೆ ನಡೆಸಿದರೆ ಯಾವ ತಳಿಯ ಗೊರಸೂ ತಾಳದು. ಆದ್ದರಿಂದ ತಳಿಯನ್ನು ನಂಬಿ ಅಳತೆಯನ್ನು ಬಿಡಬೇಡಿ.

ಬರಿಗೊರಸಿನಲ್ಲಿ ದುಡಿಸುವುದಾದರೆ

ಬರಿಗೊರಸು ಎಂದರೆ ಆರೈಕೆಯಿಲ್ಲದ ಗೊರಸು ಎಂದರ್ಥವಲ್ಲ. ಕೆಳಗಿನ ಕ್ರಮಗಳನ್ನು ಅನುಸರಿಸಿ.

• ಪ್ರತಿದಿನ ಕೆಲಸ ಮುಗಿದ ಮೇಲೆ ಪಾದಗಳನ್ನು ತೊಳೆದು, ಗೊರಸುಗಳ ನಡುವೆ ಸಿಕ್ಕಿದ ಕಲ್ಲು, ಮುಳ್ಳುಗಳನ್ನು ತೆಗೆಯಿರಿ. ಇದಕ್ಕೆ ಐದು ನಿಮಿಷ ಸಾಕು.

• ಎರಡು ಮೂರು ತಿಂಗಳಿಗೊಮ್ಮೆ ಗೊರಸಿನ ತುದಿ ಮತ್ತು ಅಂಚುಗಳನ್ನು ಅನುಭವಿಗಳಿಂದ ಒಪ್ಪಮಾಡಿಸಿ. ಚೂಪಾದ ಅಂಚನ್ನು ಅರದಿಂದ ದುಂಡಗೆ ಮಾಡಿದರೆ ಕಲ್ಲಿಗೆ ತಗುಲಿ ಸೀಳುವುದು ಕಡಿಮೆಯಾಗುತ್ತದೆ. ಅಂಗಾಲನ್ನು ಕೆತ್ತಿಸಬೇಡಿ, ಕಲ್ಲುನೆಲದಲ್ಲಿ ಅದೇ ಎತ್ತಿನ ಪಾದರಕ್ಷೆ.

• ಗೊರಸನ್ನು ನೆಲಕ್ಕೆ ಹಂತಹಂತವಾಗಿ ಒಗ್ಗಿಸಿ. ಗದ್ದೆಯ ಕೆಸರಿನಲ್ಲಿ ವಾರಗಟ್ಟಲೆ ದುಡಿದ ಎತ್ತನ್ನು ಮರುದಿನವೇ ಜಲ್ಲಿ ರಸ್ತೆಗೆ ಇಳಿಸಬಾರದು. ಕನಿಷ್ಠ ಒಂದು ವಾರ ಒಣ ನೆಲದಲ್ಲಿ ಕಟ್ಟಿ, ಹಗುರ ಕೆಲಸ ಕೊಡಿ.

• ಕೊಟ್ಟಿಗೆಯ ಬಾಗಿಲಲ್ಲಿ ಅಥವಾ ನೀರಿನ ತೊಟ್ಟಿಯ ಬಳಿ ದುಂಡಗಿನ ಹೊಳೆಗಲ್ಲುಗಳನ್ನು ಹಾಸಿದರೆ ಎತ್ತು ದಿನವೂ ಅದರ ಮೇಲೆ ನಿಂತು ಅಂಗಾಲು ಗಟ್ಟಿಯಾಗಲು ನೆರವಾಗುತ್ತದೆ. ಇದು ಬಹಳ ಹಳೆಯ ಉಪಾಯ. ಕುದುರೆಗಳಿಗೆ ಮೊಳೆ ಹೊಡೆದ ಲಾಳ ಬಳಕೆಯಲ್ಲಿಲ್ಲದ ಕಾಲದಲ್ಲಿ, ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನ್ ಕುದುರೆ ಲಾಯದ ಹೊರಗೆ ದುಂಡುಗಲ್ಲು ಹಾಸಬೇಕೆಂದು ಸಲಹೆ ನೀಡಿದ್ದನು. ಚೂಪು ಜಲ್ಲಿಯನ್ನು ಮಾತ್ರ ಎಂದಿಗೂ ಹಾಸಬೇಡಿ.

• ಕೊಟ್ಟಿಗೆಯ ನೆಲ ಒಣಗಿರಲಿ. ಸಗಣಿ, ಗಂಜಲದಲ್ಲಿ ಸದಾ ನಿಂತ ಗೊರಸು ಮೆತ್ತಗಾಗಿ ಕೊಳೆಯುತ್ತದೆ.

• ಗೊರಸಿನ ಗಟ್ಟಿತನಕ್ಕೆ ಸತುವು ಮುಂತಾದ ಖನಿಜಗಳು ಅವಶ್ಯ. ಪಶುವೈದ್ಯರ ಸಲಹೆಯಂತೆ ಎತ್ತುಗಳಿಗೂ ಖನಿಜ ಮಿಶ್ರಣ ಕೊಡಿ. ಇದನ್ನು ಹಾಲು ಕೊಡುವ ಹಸುವಿಗೆ ಮಾತ್ರ ಮೀಸಲಿಡುವುದು ಸರಿಯಲ್ಲ.

ಲಾಳ ಬಿಚ್ಚಿಸಿ ಬರಿಗೊರಸಿಗೆ ಬದಲಾಯಿಸುವುದಿದ್ದರೆ ಕೆಲಸ ಕಡಿಮೆಯಿರುವ ತಿಂಗಳುಗಳನ್ನು ಆರಿಸಿಕೊಳ್ಳಿ. ಹಳೆಯ ಮೊಳೆಯ ರಂಧ್ರಗಳು ಬೆಳೆದು ಹೋಗಲು, ಅಂಗಾಲು ದಪ್ಪವಾಗಲು ಒಂದೆರಡು ತಿಂಗಳಾದರೂ ಬೇಕು. ಬಿತ್ತನೆಯ ಹಿಂದಿನ ವಾರ ಲಾಳ ಬಿಚ್ಚಿಸಿದರೆ ಕುಂಟನ್ನು ನೀವೇ ಕರೆತಂದಂತೆ.

ಲಾಳ ಕಟ್ಟಿಸುವುದಾದರೆ

ಲಾಳ ಕಟ್ಟುವವರ ಕೈಚಳಕವೇ ಇಲ್ಲಿ ನಿರ್ಣಾಯಕ. ಆದರೂ ನೀವು ಪಕ್ಕದಲ್ಲಿ ನಿಂತು ಗಮನಿಸಬೇಕಾದ ಅಂಶಗಳಿವೆ.

• ಸಾಧ್ಯವಿದ್ದರೆ ಎತ್ತನ್ನು ಕೆಡವದೆ ಪಶು ಆಸ್ಪತ್ರೆಯಲ್ಲಿರುವಂತಹ ಕಟ್ಟುವ ಚೌಕಟ್ಟಿನಲ್ಲಿ ನಿಲ್ಲಿಸಿ ಕಟ್ಟಿಸಿ. ಕೆಡವಲೇಬೇಕಾದರೆ ಮರಳು ಅಥವಾ ಹುಲ್ಲು ಹಾಸಿದ ಮೆತ್ತನೆ ನೆಲದಲ್ಲಿ, ಮೇವು ತಿನ್ನುವ ಮೊದಲು, ಬೆಳಗಿನ ತಂಪಿನಲ್ಲಿ ಕೆಡವಬೇಕು. ಹೆಚ್ಚು ಹೊತ್ತು ಮಲಗಿಸಿದರೆ ಹೊಟ್ಟೆಯಲ್ಲಿ ಗಾಳಿ ತುಂಬಿ ಉಬ್ಬರವಾಗುತ್ತದೆ. ಹೊಟ್ಟೆ ಉಬ್ಬಿದ್ದು ಕಂಡರೆ ಕೆಲಸ ನಿಲ್ಲಿಸಿ ಎಬ್ಬಿಸಿ.

• ಗೊರಸಿನ ಅಳತೆಗೆ ಲಾಳವನ್ನು ಬಗ್ಗಿಸಿ ಹೊಂದಿಸಬೇಕು. ಸಿದ್ಧ ಲಾಳದ ಅಳತೆಗೆ ಗೊರಸನ್ನು ಕತ್ತರಿಸುವುದು ಅಥವಾ ಅರದಿಂದ ಉಜ್ಜುವುದು ತಪ್ಪು. ಲಾಳ ಗೋಡೆಯ ಮೇಲೆ ಸಮವಾಗಿ ಕೂರಬೇಕು. ನಡುವೆ ಸಂದು ಇರಬಾರದು.

• ಮೊಳೆಗಳು ಗೊರಸಿನ ಹೊರಬದಿಯಲ್ಲಿ, ಬಿಳಿ ಗೆರೆಯ ಹೊರಗೆ ಮಾತ್ರ ಇರಬೇಕು. ಎರಡು ಗೊರಸುಗಳು ಎದುರುಬದುರಾಗುವ ಒಳಬದಿಯಲ್ಲಿ ಗೋಡೆ ತೆಳುವಾದ್ದರಿಂದ ಅಲ್ಲಿ ಮೊಳೆ ಬೇಡ. ಹಿಮ್ಮಡಿಯ ಕಡೆಯ ಮೃದು ಭಾಗಕ್ಕೂ ಬೇಡ.

• ಮೊಳೆಯ ತುದಿ ಗೊರಸಿನ ಎತ್ತರದ ಕೆಳಗಿನ ಮೂರನೇ ಒಂದು ಭಾಗದೊಳಗೆ ಹೊರಬರಬೇಕು. ಹೊರಬಂದ ತುದಿಯನ್ನು ಕತ್ತರಿಸಿ, ಮಡಿಸಿ, ಅರದಿಂದ ನುಣುಪು ಮಾಡಬೇಕು. ಇಲ್ಲವಾದರೆ ಇನ್ನೊಂದು ಕಾಲನ್ನು ಗೀರುತ್ತದೆ.

• ತುಕ್ಕು ಹಿಡಿದ, ಬಾಗಿದ ಅಥವಾ ಹಿಂದೊಮ್ಮೆ ಬಳಸಿದ ಮೊಳೆಗಳನ್ನು ಬಳಸಲು ಬಿಡಬೇಡಿ.

• ಮೊಳೆ ಹೊಡೆಯುವಾಗ ಎತ್ತು ಥಟ್ಟನೆ ಕಾಲು ಕೊಡವಿದರೆ ಅಥವಾ ರಕ್ತ ಕಂಡರೆ ಆ ಮೊಳೆಯನ್ನು ಕೂಡಲೇ ತೆಗೆಸಿ. ಅದೇ ರಂಧ್ರಕ್ಕೆ ಮತ್ತೆ ಮೊಳೆ ಬೇಡ. ಅಯೋಡಿನ್ ದ್ರಾವಣ ಹಾಕಿ, ಅಂದೇ ಪಶುವೈದ್ಯರಿಗೆ ತೋರಿಸಿ.

• ಲಾಳ ಸವೆಯದಿದ್ದರೂ 6ರಿಂದ 8 ವಾರಕ್ಕೊಮ್ಮೆ ಬಿಚ್ಚಿಸಿ, ಗೊರಸು ಒಪ್ಪಮಾಡಿಸಿ, ಮತ್ತೆ ಕಟ್ಟಿಸಿ. ಒಂದು ಲಾಳ ಸಡಿಲವಾದರೂ ಬಿದ್ದುಹೋದರೂ ಆ ದಿನವೇ ಸರಿಪಡಿಸಿ. ಅರ್ಧ ಕಿತ್ತ ಲಾಳದ ಮೊಳೆಯ ಮೇಲೆ ಎತ್ತು ತಾನೇ ಕಾಲಿಡುವ ಅಪಾಯವಿದೆ.

ಕುಂಟು ಕಂಡಾಗ

ಲಾಳ ಕಟ್ಟಿದ ದಿನವೇ ಕುಂಟಿದರೆ ಮೊಳೆ ಜೀವಂತ ಪದರಕ್ಕೆ ಚುಚ್ಚಿರುವ ಸಾಧ್ಯತೆ ಹೆಚ್ಚು. ಮೂರು ನಾಲ್ಕು ದಿನಗಳ ನಂತರ ಕುಂಟು ಆರಂಭವಾದರೆ ಮೊಳೆ ಒಳಪದರಕ್ಕೆ ಒತ್ತುತ್ತಿರಬಹುದು ಅಥವಾ ಒಳಗೆ ಕೀವು ಕಟ್ಟಿರಬಹುದು. ಗೊರಸು ಮುಟ್ಟಿದರೆ ಬಿಸಿ, ತಟ್ಟಿದರೆ ನೋವು, ನಿಂತಾಗ ಆ ಕಾಲನ್ನು ಎತ್ತಿ ಹಿಡಿಯುವುದು ಇದರ ಲಕ್ಷಣಗಳು. ಮೊದಲು ಲಾಳ ಬಿಚ್ಚಿಸಿ, ವಿಶ್ರಾಂತಿ ಕೊಟ್ಟು, ಪಶುವೈದ್ಯರನ್ನು ಕರೆಯಿರಿ. ಕೀವು ಹೊರಹೋಗಲು ದಾರಿ ಮಾಡುವುದು ಅವರ ಕೆಲಸ. ಕಾಯಿಸಿದ ಎಣ್ಣೆ ಸುರಿಯುವುದು, ಗಾಯಕ್ಕೆ ಮಣ್ಣು ಅಥವಾ ಸಗಣಿ ಮೆತ್ತುವುದು ಕೀವನ್ನು ಒಳಗೇ ಮುಚ್ಚಿ ಹೆಚ್ಚಿಸುತ್ತದೆ. ಮೊಳೆಯ ಗಾಯದಿಂದ ಧನುರ್ವಾಯು ಬರಬಹುದಾದ್ದರಿಂದ ಚುಚ್ಚುಮದ್ದಿನ ಬಗ್ಗೆಯೂ ಕೇಳಿ.

ಎಲ್ಲ ಕುಂಟಿಗೂ ಕಲ್ಲು ಅಥವಾ ಲಾಳವೇ ಕಾರಣವಲ್ಲ. ಜ್ವರ, ಬಾಯಿಂದ ಜೊಲ್ಲು, ಗೊರಸುಗಳ ನಡುವೆ ಗುಳ್ಳೆ ಕಂಡರೆ ಅದು ಕಾಲುಬಾಯಿ ರೋಗವಿರಬಹುದು. ಆ ಎತ್ತನ್ನು ಬೇರೆ ಕಟ್ಟಿ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ರೋಗವಿರುವ ಊರಿನಲ್ಲಿ ಲಾಳ ಕಟ್ಟಿಸುವುದನ್ನು ಮುಂದೂಡಿ. ಉಳಿದ ಸಮಯದಲ್ಲಿಯೂ ಒಂದು ಎತ್ತಿಗೆ ಬಳಸಿದ ಉಳಿ, ಇಕ್ಕಳ, ಹಗ್ಗಗಳನ್ನು ತೊಳೆಯದೆ ಇನ್ನೊಂದಕ್ಕೆ ಬಳಸಬಾರದು.

ಕುದುರೆ ಸಾಕುವವರಿಗೆ

ಟಾಂಗಾ, ಸವಾರಿ ಅಥವಾ ಹೊರೆ ಸಾಗಣೆಗೆ ಕುದುರೆ ಸಾಕಿರುವವರಿಗೂ ಮೇಲಿನ ಲೆಕ್ಕವೇ ಅನ್ವಯಿಸುತ್ತದೆ. ಆದರೆ ಕೆಲವು ವ್ಯತ್ಯಾಸಗಳಿವೆ.

ಕುದುರೆಯ ಗೊರಸು ಭಾರ ಬಿದ್ದಾಗ ಹಿಮ್ಮಡಿಯ ಕಡೆ ತುಸು ಹಿಗ್ಗಿ, ಎತ್ತಿದಾಗ ಕುಗ್ಗುತ್ತದೆ. ನೆಲದ ಪೆಟ್ಟನ್ನು ಹೀರಿಕೊಳ್ಳಲು ಈ ಚಲನೆ ನೆರವಾಗುತ್ತದೆ. ಆದ್ದರಿಂದ ಮೊಳೆಗಳು ಗೊರಸಿನ ಅತಿ ಅಗಲವಾದ ಭಾಗಕ್ಕಿಂತ ಮುಂದೆಯೇ ಇರಬೇಕು. ಹಿಮ್ಮಡಿಯನ್ನು ಮೊಳೆಯಿಂದ ಬಿಗಿಯಬಾರದು.

ಕುದುರೆಯ ಲಾಳ ಕೇವಲ ಅಂಚಿನ ಸುತ್ತ ಕೂರುವುದರಿಂದ ನಡುವಿನ ಅಂಗಾಲು ಪೂರ್ತಿ ತೆರೆದಿರುತ್ತದೆ. ಲಾಳ ಕಟ್ಟಿದ ಕುದುರೆಗೂ ಚೂಪುಗಲ್ಲು ತಗುಲಿ ಅಂಗಾಲು ಕಂದುತ್ತದೆ, ಲಾಳದ ಒಳಗೆ ಕಲ್ಲು ಸಿಕ್ಕಿಕೊಳ್ಳುತ್ತದೆ. ಕಲ್ಲುದಾರಿಯ ಸವಾರಿಯ ಮೊದಲೂ ನಂತರವೂ ನಾಲ್ಕೂ ಪಾದಗಳನ್ನು ಎತ್ತಿ ಶುಚಿಗೊಳಿಸಿ.

ಬರಿಗೊರಸಿನ ಕುದುರೆಯನ್ನು ಕಲ್ಲುದಾರಿಗೆ ಒಗ್ಗಿಸಲು ತಿಂಗಳುಗಳೇ ಬೇಕು. ಮೊದಲು ಗಟ್ಟಿ ಮಣ್ಣು, ಆನಂತರ ಸಣ್ಣ ಗರಸು, ಕೊನೆಗೆ ಕಲ್ಲುದಾರಿ ಎಂಬ ಕ್ರಮವಿರಲಿ. ಕುದುರೆ ಹೆಜ್ಜೆ ಮೊಟಕು ಮಾಡಿದರೆ, ದಾರಿಯ ಅಂಚಿನ ಹುಲ್ಲಿನ ಕಡೆಗೇ ಎಳೆದರೆ ಅದರ ಅಂಗಾಲು ನೋಯುತ್ತಿದೆ ಎಂದು ತಿಳಿದು ಇಳಿಯಿರಿ. ನಿಂತ ಕುದುರೆಯ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮುಂಗಾಲುಗಳ ಮೇಲೆ ಬೀಳುವುದರಿಂದ ಮುಂಗಾಲುಗಳಿಗೆ ಮಾತ್ರ ಲಾಳ ಕಟ್ಟಿಸುವುದು ಒಂದು ಮಧ್ಯಮ ಮಾರ್ಗ. ಅಪರೂಪಕ್ಕೆ ಮಾತ್ರ ಕಲ್ಲುದಾರಿಗೆ ಹೋಗುವವರು ಅಳತೆಗೆ ಸರಿಹೊಂದುವ, ಬೇಕಾದಾಗ ತೊಡಿಸಿ ತೆಗೆಯಬಹುದಾದ ಗೊರಸಿನ ಬೂಟುಗಳನ್ನು ಬಳಸಬಹುದು.

ಧನುರ್ವಾಯು ಕುದುರೆಗಳಿಗೆ ಅತಿ ಸುಲಭವಾಗಿ ತಗುಲುತ್ತದೆ ಮತ್ತು ಬಹುತೇಕ ಮಾರಕ. ಲಾಳ ಇರಲಿ, ಇಲ್ಲದಿರಲಿ, ಅದರ ಲಸಿಕೆಯನ್ನು ತಪ್ಪದೆ ಹಾಕಿಸಿ.

ಕಾನೂನು ಏನು ಹೇಳುತ್ತದೆ?

ಕಾಯಿಲೆ, ಗಾಯ ಅಥವಾ ಕುಂಟಿನಿಂದ ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯನ್ನು ದುಡಿಸುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರಡಿ ಅಪರಾಧ. ಈ ಕಾಯ್ದೆಯಡಿ 1965ರಲ್ಲಿ ರೂಪಿಸಿದ ನಿಯಮಗಳಂತೆ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ದುಡಿಸಬಾರದು. ಲಾಳ ಕಟ್ಟುವ ವೃತ್ತಿಯವರು ಪರವಾನಗಿ ಪಡೆಯಬೇಕೆಂಬ ಪ್ರತ್ಯೇಕ ನಿಯಮವೂ 1965ರಲ್ಲಿಯೇ ಬಂದಿದೆ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಗ್ರಾಮಸಭೆ, ಜಾನುವಾರು ಆರೋಗ್ಯ ಶಿಬಿರಗಳಲ್ಲಿ ಗೊರಸಿನ ಅಳತೆಯನ್ನು ಪ್ರಾತ್ಯಕ್ಷಿಕೆಯ ಮೂಲಕ ತೋರಿಸಿ. ಒಂದು ಅಳತೆಪಟ್ಟಿ, ಒಂದು ಅರ ಇದ್ದರೆ ಸಾಕು. ಲಾಳ ಕಟ್ಟುವವರನ್ನು ಶಿಬಿರಕ್ಕೆ ಕರೆದು ಪಶುವೈದ್ಯರೊಡನೆ ಕೂರಿಸಿ ಮಾತನಾಡಿಸಿ. ಟ್ರ್ಯಾಕ್ಟರ್ ಬಂದ ಮೇಲೆ ಈ ವೃತ್ತಿಯವರು ಅನೇಕ ಊರುಗಳಲ್ಲಿ ವಿರಳವಾಗಿದ್ದಾರೆ. ಉಳಿದಿರುವವರ ಕೈಯಲ್ಲಿರುವ ವಿದ್ಯೆ ಪುಸ್ತಕದಿಂದ ಸಿಗುವಂಥದ್ದಲ್ಲ. ಬಿಳಿ ಗೆರೆ, ಶುಚಿತ್ವ, ಮೊಳೆಯ ಎತ್ತರದ ಬಗ್ಗೆ ವೈದ್ಯರ ಮಾತು ಸೇರಿದರೆ ಅದು ಇನ್ನಷ್ಟು ಸುರಕ್ಷಿತವಾಗುತ್ತದೆ.

ರೈತ ಬಾಂಧವರು ಮುಂಗಾರಿಗೆ ಎರಡು ತಿಂಗಳು ಮೊದಲೇ ಎತ್ತುಗಳ ಗೊರಸನ್ನು ಒಮ್ಮೆ ಅಳೆದು ಬರೆದಿಟ್ಟುಕೊಳ್ಳುವುದು ಒಳಿತು. ಲಾಳ ಬೇಕೆನಿಸಿದರೆ ಕಟ್ಟಿಸಲು, ಬೇಡವೆನಿಸಿದರೆ ಗೊರಸನ್ನು ಗಟ್ಟಿಗೊಳಿಸಲು ಆಗ ಸಾಕಷ್ಟು ಸಮಯವಿರುತ್ತದೆ. ಹೆಚ್ಚಿನ ಮಾಹಿತಿಗೆ ಸಮೀಪದ ಪಶು ಆಸ್ಪತ್ರೆ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ. ತುರ್ತು ಸಂದರ್ಭದಲ್ಲಿ ಸಂಚಾರಿ ಪಶುಚಿಕಿತ್ಸಾ ಸೇವೆಗಾಗಿ 1962 ಸಂಖ್ಯೆಗೆ ಕರೆ ಮಾಡಬಹುದು.